ಮಲೆನಾಡಿನ ಕೀಲುನೋವು: ರೋಗಿಯ ಮಾತು ಮತ್ತು ತಜ್ಞರ ಪರೀಕ್ಷೆ

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳು ತುಂಗಾ ಮತ್ತು ಭದ್ರಾ ನದಿಗಳ ಮೇಲ್ದಂಡೆಯ, ಮಳೆ ಹಿಡಿದರೆ ತಿಂಗಳುಗಟ್ಟಲೆ ಬಿಡದ ಸೀಮೆ. ಇಲ್ಲಿನ ಬದುಕು ಭತ್ತದ ಗದ್ದೆ, ಅಡಕೆ ತೋಟ ಮತ್ತು ಕಾಫಿಯ ಮೇಲೆ ನಿಂತಿದ್ದು, ಈ ಮೂರರ ಕೆಲಸವೂ ಸೊಂಟ, ಮೊಣಕಾಲು ಮತ್ತು ಬೆರಳಿನ ಕೀಲುಗಳ ಮೇಲೆಯೇ ಬೀಳುತ್ತದೆ. ಕೆಸರಿನಲ್ಲಿ ದಿನವಿಡೀ ಬಗ್ಗಿ ಸಸಿ ನೆಡುವವರಿಗೂ, ಮೆಟ್ಟುಗತ್ತಿಯ ಮುಂದೆ ರಾತ್ರಿಯವರೆಗೆ ಕುಳಿತು ಅಡಕೆ ಸುಲಿಯುವವರಿಗೂ ಕೀಲುನೋವು ದುಡಿಮೆಯೊಂದಿಗೇ ಬರುವ ಪಾಡಾಗಿತ್ತೇ ಹೊರತು, ಹೆಸರಿಟ್ಟು ವೈದ್ಯರ ಮುಂದೆ ಇಡಬೇಕಾದ ಕಾಯಿಲೆಯಾಗಿರಲಿಲ್ಲ. ಈ ನೋವಿಗೆಂದೇ ಇರುವ ತಜ್ಞರನ್ನು ಹುಡುಕಿಕೊಂಡು ಹೋಗುವ ರೂಢಿ ಇಲ್ಲಿ ತೀರ ಈಚಿನದು. ಆದರೆ ರೋಗಿಯು ತನ್ನ ನೋವಿನ ಕಥೆಯನ್ನು ಸರಿಯಾಗಿ ಹೇಳಬೇಕೆಂಬ ಅಪೇಕ್ಷೆ ಬಹಳ ಹಳೆಯದು.

ವಾಗ್ಭಟನ ಅಷ್ಟಾಂಗಹೃದಯವು ರೋಗಿಯನ್ನು ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಬಗೆಯಿಂದ, ಅಂದರೆ ನೋಡಿ, ಮುಟ್ಟಿ, ಕೇಳಿ ಪರೀಕ್ಷಿಸಬೇಕೆಂದು ವಿಧಿಸುತ್ತದೆ. ಮಾಧವಕರನ ಮಾಧವನಿದಾನವು ಆಮವಾತವನ್ನು, ಎಂದರೆ ಜೀರ್ಣವಾಗದೆ ಉಳಿದ ಅಂಶವು ವಾತದೊಡನೆ ಸೇರಿ ಕೀಲುಗಳಲ್ಲಿ ಬಾವು ಮತ್ತು ಬಿಗಿತವನ್ನು ಉಂಟುಮಾಡುವುದೆಂದು ಆಯುರ್ವೇದವು ತಿಳಿಯುವ ರೋಗವನ್ನು, ಪ್ರತ್ಯೇಕ ಅಧ್ಯಾಯದಲ್ಲಿಟ್ಟು ವಿವರಿಸಿತು. ಜಗದ್ದಳ ಸೋಮನಾಥನು 12ನೆಯ ಶತಮಾನದಲ್ಲಿಯೇ ಕರ್ಣಾಟಕ ಕಲ್ಯಾಣಕಾರಕವನ್ನು ರಚಿಸಿ ವೈದ್ಯಶಾಸ್ತ್ರವನ್ನು ಕನ್ನಡಕ್ಕೆ ತಂದಿದ್ದನಾದರೂ, ಮಲೆನಾಡಿನ ಸಾಮಾನ್ಯ ಮನೆಗಳನ್ನು ಕಾಯ್ದದ್ದು ಗ್ರಂಥಕ್ಕಿಂತ ಹೆಚ್ಚಾಗಿ ಕೈಬಳಕೆಯ ನಾಟಿ ವೈದ್ಯ. ಲಕ್ಕಿ ಸೊಪ್ಪನ್ನು ಕುದಿಸಿದ ನೀರಿನ ಶಾಖ, ಬಿಸಿಮಾಡಿ ಕಟ್ಟುವ ಎಕ್ಕದ ಎಲೆ, ಹರಳೆಣ್ಣೆಯ ನೀವಿಕೆ, ಯಾವುದಕ್ಕೂ ಬಗ್ಗದಿದ್ದಾಗ ಹಾಕುವ ಬರೆ: ಇವು ಆ ಚಿಕಿತ್ಸೆಯ ಅಂಗಗಳಾಗಿದ್ದವು. ಇವುಗಳಲ್ಲಿ ಕೆಲವು ಹಿತ ಕೊಡುತ್ತಿದ್ದವು, ಬರೆಯಂಥವು ಹುಣ್ಣನ್ನಷ್ಟೇ ಉಳಿಸುತ್ತಿದ್ದವು. ಆದರೂ ಊರಿನ ಪಂಡಿತರಿಗೆ ಒಂದು ಅನುಕೂಲವಿತ್ತು: ರೋಗಿಯ ತಂದೆಗೂ ಅಜ್ಜನಿಗೂ ಏನಾಗಿತ್ತೆಂಬುದು ಅವರಿಗೆ ಮೊದಲೇ ಗೊತ್ತಿರುತ್ತಿದ್ದುದರಿಂದ, ಮನೆತನದ ಚರಿತ್ರೆಯನ್ನು ಹೊಸದಾಗಿ ಕೇಳಬೇಕಾಗಿರಲಿಲ್ಲ. ಈ ಪರಂಪರೆಯ ಶಾಸ್ತ್ರೀಯ ಮುಖವನ್ನು ಇಂದು ಕೊಪ್ಪದ ಆರೂರು ಲಕ್ಷ್ಮೀನಾರಾಯಣ ರಾವ್ ಸ್ಮಾರಕ ಆಯುರ್ವೇದ ವೈದ್ಯಕೀಯ ಕಾಲೇಜಿನಲ್ಲಿ ಕಾಣಬಹುದು.

ಕೀಲುವಾತವನ್ನು ರಕ್ತದಲ್ಲಿ ಗುರುತಿಸುವ ವಿದ್ಯೆ ಪಾಶ್ಚಾತ್ಯ ವೈದ್ಯಕ್ಕೂ ಬಹಳ ಹಳೆಯದಲ್ಲ. ನಾರ್ವೆಯ ಎರಿಕ್ ವಾಲರ್ ರುಮಟಾಯ್ಡ್ ಫ್ಯಾಕ್ಟರ್ ಎಂಬ ರಕ್ತಾಂಶದ ವರ್ತನೆಯನ್ನು ವರದಿಮಾಡಿದ್ದು 1940ರಲ್ಲಿ. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ಮೊದಲ ಬಾರಿಗೆ ಕೀಲುವಾತದ ರೋಗಿಗೆ ಕೊಟ್ಟದ್ದು 1948ರಲ್ಲಿ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜು 1953ರಲ್ಲಿ ಆರಂಭವಾದ ಮೇಲೆ, ಶೃಂಗೇರಿ ಮತ್ತು ಕೊಪ್ಪದವರಿಗೆ ಆಗುಂಬೆ ಘಾಟಿಯ ಕೆಳಗೆ ದೊಡ್ಡ ಆಸ್ಪತ್ರೆಯೊಂದು ಎಟುಕುವಂತಾಯಿತು. ನರಸಿಂಹರಾಜಪುರದವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಸಮೀಪವಾಗಿತ್ತು. ಎರಡೂ ದಾರಿ ಒಂದು ದಿನದ ಕೂಲಿಯನ್ನು ನುಂಗುವಂಥವಾಗಿದ್ದರಿಂದ, ಭೂಮಿಯಿಲ್ಲದವರು ನೋವು ಕೈಮೀರಿದ ಮೇಲೆಯೇ ಆ ದಾರಿ ಹಿಡಿಯುತ್ತಿದ್ದರು.

ಮಲೆನಾಡಿನ ಕೀಲುರೋಗದ ಚರಿತ್ರೆಯಲ್ಲಿ ತಜ್ಞರೇ ರೋಗಿಗಳ ಹಟ್ಟಿಗೆ ಬಂದ ಅಧ್ಯಾಯವೊಂದಿದ್ದು, ಅದು ಬಿಡಿಸಿ ಹೇಳಬೇಕಾದದ್ದು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ನಡುವಿನ ವರ್ಷಗಳಲ್ಲಿ ವಿಚಿತ್ರ ಕೀಲುರೋಗವೊಂದು ಹೊರಗಿನವರ ಗಮನಕ್ಕೆ ಬಂದಿತು. ಸೊಂಟ ಮತ್ತು ಮೊಣಕಾಲಿನ ಕೀಲುಗಳಲ್ಲಿ ನೋವು ಹುಟ್ಟಿ, ನಡಿಗೆ ಓಲಾಡಿ, ಕೆಲವರು ನಿಲ್ಲಲಾರದೆ ತೆವಳುವಂತಾಗುತ್ತಿದ್ದರು. ಇನ್ನು ಕೆಲವರಲ್ಲಿ ಬೆನ್ನುಮೂಳೆಯ ಬೆಳವಣಿಗೆಯೂ ಕುಂಠಿತಗೊಂಡು ದೇಹ ಕುಳ್ಳಾಗುತ್ತಿತ್ತು. ರೋಗ ಕಂಡದ್ದು ಮುಖ್ಯವಾಗಿ ಚನ್ನಂಗಿ ಮತ್ತು ಚಲವಾದಿ ಸಮುದಾಯಗಳ, ಬಹುಪಾಲು ಕೃಷಿ ಕೂಲಿಯನ್ನೇ ನಂಬಿದ ದಲಿತ ಕುಟುಂಬಗಳಲ್ಲಿ; ಹುಡುಕಿದಂತೆ ಅದು ಒಂದು ಗ್ರಾಮದ ರೋಗವಲ್ಲವೆಂದೂ, ಶಿವಮೊಗ್ಗ ಜಿಲ್ಲೆಯ ಇತರ ಹಳ್ಳಿಗಳಲ್ಲಿ ಮತ್ತು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲಿಯೂ ಇದೆಯೆಂದೂ ತಿಳಿದುಬಂದಿತು. ಅದೇ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಹೆಸರಿನಲ್ಲಿ 1957ರಲ್ಲಿಯೇ ಮಂಗನ ಕಾಯಿಲೆ ಜಗತ್ತಿಗೆ ಪರಿಚಯವಾಗಿತ್ತು. ಅಲ್ಲಿ ಸತ್ತ ಮಂಗಗಳೂ ಉಣುಗುಗಳೂ ವೈರಾಣುವಿನ ಜಾಡು ತೋರಿಸಿದ್ದವು. ಹಂದಿಗೋಡಿನಲ್ಲಿ ಸೂಕ್ಷ್ಮದರ್ಶಕಕ್ಕೆ ಸಿಗುವ ಅಂಥ ಯಾವ ಗುರುತೂ ಇರಲಿಲ್ಲ.

ಮೊದಲ ಸಂಶಯ ಹೊಲಗದ್ದೆಗಳ ವಿಷದ ಮೇಲೆ ಬಿದ್ದಿತು. ಹೊಸ ತಳಿಯ ಭತ್ತದೊಡನೆ ಎಂಡ್ರಿನ್, ಪ್ಯಾರಥಿಯಾನ್‌ಗಳಂಥ ಕೀಟನಾಶಕಗಳು ಗದ್ದೆಗೆ ಇಳಿದಿದ್ದ ಕಾಲವದು. ಬಡ ಕುಟುಂಬಗಳಿಗೆ ಗದ್ದೆಯ ಏಡಿ ಮತ್ತು ಮೀನು ದುಡ್ಡಿಲ್ಲದೆ ದೊರೆಯುವ ಆಹಾರವಾಗಿದ್ದರಿಂದ, ಅವುಗಳ ಮೂಲಕ ವಿಷವು ಮೂಳೆಗಳಿಗೆ ತಲುಪಿರಬೇಕೆಂಬ ಊಹೆ ಹರಡಿತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ ಆರ್. ವಿ. ಭಟ್ ಮತ್ತು ಕೆ. ಎ. ವಿ. ಆರ್. ಕೃಷ್ಣಮಾಚಾರಿ 1977ರಲ್ಲಿ ಪ್ರಕಟಿಸಿದ ಅಧ್ಯಯನವು ಈ ರೋಗವನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ಕರೆದದ್ದು ಗಮನಾರ್ಹ. ರೋಗವು ಮನೆತನವನ್ನು ಹಿಡಿದು ಸಾಗುತ್ತಿದೆಯೆಂಬ ಅರಿವು ಆ ಹೆಸರಿನಲ್ಲಿಯೇ ಇತ್ತು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ವಿಸ್ತಾರವಾದ ತನಿಖೆ ನಡೆಯಿತು. ಲಖನೌದ ಸಂಜಯ್ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಎಸ್. ಎಸ್. ಅಗರ್ವಾಲ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಎಕ್ಸ್‌ರೇ ಅಧ್ಯಯನವು, ಇದು ಬೆನ್ನುಮೂಳೆಗಳ ಮತ್ತು ಉದ್ದ ಮೂಳೆಗಳ ತುದಿಗಳ ಬೆಳವಣಿಗೆಯನ್ನೇ ಕೆಡಿಸುವ ಆನುವಂಶಿಕ ದೋಷದ ಹೊಸ ಪ್ರಭೇದವೆಂದು ನಿರೂಪಿಸಿತು. ದೋಷವು ಪ್ರಬಲ ವಂಶವಾಹಿಯ ಮೂಲಕ ಇಳಿಯುತ್ತದೆ. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿಯೊಂದು ಮಗುವಿಗೂ ಅರ್ಧದಷ್ಟು ಸಂಭವವಿದೆಯೆಂಬುದು ಇದರ ಅರ್ಥ. ದಕ್ಷಿಣ ಆಫ್ರಿಕಾದ ಮ್ಸೆಲೆನಿ ಎಂಬಲ್ಲಿ ಕಂಡ ಇಂಥದೇ ಕೀಲುರೋಗದೊಡನೆ ಇದನ್ನು ಹೋಲಿಸಿ ನೋಡಿದ ಅಧ್ಯಯನವೂ 1997ರಲ್ಲಿ ಪ್ರಕಟವಾಯಿತು.

ಈ ನಿರ್ಣಯಕ್ಕೆ ಎಕ್ಸ್‌ರೇ ಎಷ್ಟು ಅಗತ್ಯವಾಗಿತ್ತೋ, ಹಟ್ಟಿಗಳ ಹಿರಿಯರ ನೆನಪೂ ಅಷ್ಟೇ ಅಗತ್ಯವಾಗಿತ್ತು. ಯಾರ ಮಗಳನ್ನು ಯಾವ ಊರಿಗೆ ಕೊಟ್ಟಿತ್ತು, ಯಾವ ಸೋದರಮಾವನಿಗೆ ಯಾವ ವಯಸ್ಸಿನಲ್ಲಿ ನಡಿಗೆ ಕೆಟ್ಟಿತು, ಯಾವ ಅಜ್ಜಿ ಕುಳ್ಳಗಿದ್ದಳು ಎಂಬ ವಿವರಗಳಿಲ್ಲದೆ ವಂಶವೃಕ್ಷವನ್ನು ಬರೆಯಲಾಗದು, ವಂಶವೃಕ್ಷವಿಲ್ಲದೆ ಆನುವಂಶಿಕತೆಯನ್ನು ಸ್ಥಾಪಿಸಲಾಗದು. ಅಕ್ಷರದಿಂದ ದೂರವಿಡಲ್ಪಟ್ಟ ಜನರ ಮಾತು ವೈದ್ಯಶಾಸ್ತ್ರದಲ್ಲಿ ಹೊಸ ರೋಗವೊಂದಕ್ಕೆ ಹೆಸರು ತಂದುಕೊಟ್ಟಿತು. ಅವರಿಗೆ ಮಾತ್ರ ಅದರಿಂದ ದೊರೆತದ್ದು ಅಲ್ಪ. ಹಾಳಾದ ಸೊಂಟದ ಕೀಲನ್ನು ಶಸ್ತ್ರಚಿಕಿತ್ಸೆಯಿಂದ ಬದಲಿಸಬಹುದಾದರೂ, ರೋಗದ ಮೂಲವನ್ನು ನೀಗುವ ಔಷಧವಿಲ್ಲ. ಸಂಶೋಧನೆಗೆ ತೋರಿದ ಶ್ರದ್ಧೆಯನ್ನು ಆಸರೆಗೆ ತೋರದಿದ್ದುದು ಈ ಚರಿತ್ರೆಯ ಅತ್ಯಂತ ನೋವಿನ ಭಾಗ.

ಇಂದು ಈ ಮೂರು ತಾಲ್ಲೂಕುಗಳಿಂದ ಮಣಿಪಾಲಕ್ಕೋ ಬೆಂಗಳೂರಿಗೋ ರುಮಟಾಲಜಿಸ್ಟರನ್ನು, ಎಂದರೆ ಮೂಳೆ ಡಾಕ್ಟರಿಗಿಂತ ಭಿನ್ನವಾಗಿ ಕೀಲುವಾತ ಮತ್ತು ಅದರ ಸಂಬಂಧದ ರೋಗಗಳಿಗೆ ಔಷಧ ಕೊಡುವ ತಜ್ಞರನ್ನು, ಮೊದಲ ಬಾರಿ ಕಾಣಲು ಹೋಗುವವರ ಸಿದ್ಧತೆಗೂ ಈ ಚರಿತ್ರೆಗೂ ನೇರ ನಂಟಿದೆ. ಊರಿನ ಪಂಡಿತರಿಗೆ ಗೊತ್ತಿದ್ದ ಮನೆತನದ ಸಂಗತಿ ದೂರದ ತಜ್ಞರಿಗೆ ಗೊತ್ತಿರುವುದಿಲ್ಲ, ಆದ್ದರಿಂದ ಅದನ್ನು ರೋಗಿಯೇ ಒಯ್ಯಬೇಕು. ನೋವು ಯಾವ ಕೀಲಿನಲ್ಲಿ ಯಾವಾಗ ಹುಟ್ಟಿತು, ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಹೆಚ್ಚು ಉಳಿಯುವುದೇ, ಅದಕ್ಕೂ ಮೊದಲು ಜ್ವರ ಬಂದಿತ್ತೇ ಎಂಬುದನ್ನು ಹೊರಡುವ ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಜ್ವರದ ಮಾತು ಸಣ್ಣದಲ್ಲ: 2006ರಲ್ಲಿ ಕರ್ನಾಟಕವನ್ನು ವ್ಯಾಪಿಸಿದ ಚಿಕೂನ್‌ಗುನ್ಯ ಎಷ್ಟೋ ಜನರಲ್ಲಿ ತಿಂಗಳುಗಟ್ಟಲೆ ಕೀಲುನೋವನ್ನು ಉಳಿಸಿತ್ತು. ಹಳೆಯ ಎಕ್ಸ್‌ರೇ ಫಿಲ್ಮುಗಳು, ರಕ್ತಪರೀಕ್ಷೆಯ ಚೀಟಿಗಳು, ನುಂಗುತ್ತಿರುವ ಮಾತ್ರೆಗಳ ಪಟ್ಟಿ ಜೊತೆಗಿರಬೇಕು. ಕ್ಷಯ ಅಥವಾ ಕಾಮಾಲೆ ಆಗಿದ್ದರೆ, ಮಹಿಳೆಯರು ಗರ್ಭಿಣಿಯಾಗಿದ್ದರೆ ಅಥವಾ ಮಗು ಬೇಕೆಂದಿದ್ದರೆ ಅದನ್ನೂ ತಿಳಿಸಬೇಕು, ಏಕೆಂದರೆ ಕೀಲುವಾತಕ್ಕೆ ಹೆಚ್ಚಾಗಿ ಕೊಡುವ ಮೆಥೊಟ್ರೆಕ್ಸೇಟ್ ಯಕೃತ್ತಿಗೂ ಗರ್ಭಕ್ಕೂ ಹಾನಿ ಮಾಡಬಲ್ಲದು.

ಕಷಾಯ, ಪುಡಿ, ಎಣ್ಣೆಗಳ ಬಳಕೆಯನ್ನು ಸಂಕೋಚದಿಂದ ಮುಚ್ಚಿಡುವ ಅಭ್ಯಾಸವೇ ಹೆಚ್ಚಿನ ತೊಡಕು. ಹೆಸರಿಲ್ಲದ ಪೊಟ್ಟಣಗಳಲ್ಲಿ ಮಾರುವ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಅದು ಬಾವನ್ನು ತಗ್ಗಿಸಿ ರೋಗದ ಮುಖವನ್ನೇ ಮರೆಮಾಡುತ್ತದೆ, ಬಹುಕಾಲ ತೆಗೆದುಕೊಂಡದ್ದನ್ನು ಏಕಾಏಕಿ ನಿಲ್ಲಿಸಿದರೆ ಜೀವಕ್ಕೂ ಅಪಾಯ ತರಬಲ್ಲದು. ಅಂಥ ಪುಡಿಯನ್ನು ಬಳಸಿದ್ದವರು ಪೊಟ್ಟಣವನ್ನೇ ತಂದು ತೋರಿಸುವುದು ಲೇಸು.

ತಜ್ಞರ ಮೇಲೂ ಇದೇ ಚರಿತ್ರೆಯ ಒಂದು ಹೊಣೆಯಿದೆ. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಮಲೆನಾಡಿನಿಂದ ಬಂದ ತರುಣ ರೋಗಿಯೊಬ್ಬರು ಸೊಂಟದ ಕೀಲು ನೋಯುತ್ತಿದೆಯೆಂದರೆ, ವಯಸ್ಸಿನ ಸವೆತವೆಂದೋ ಕೂಲಿಯ ಆಯಾಸವೆಂದೋ ಕಳುಹಿಸಿಬಿಡದೆ, ಮನೆಯ ಹಿರಿಯರಲ್ಲಿ ಯಾರಿಗಾದರೂ ಇದೇ ಇತ್ತೇ ಎಂದು ವೈದ್ಯರು ಕೇಳಬೇಕು. ಅವರು ಕೇಳದಿದ್ದರೆ ರೋಗಿಯ ಜೊತೆ ಬಂದವರೇ ಅದನ್ನು ಮೊದಲು ಹೇಳಬೇಕು.