ಪರೋಪಜೀವಿ ರೋಗಗಳಿಗೆ ಹಳೆಯ ಔಷಧಗಳ ಮರುಬಳಕೆ: ಗಣಕಯಂತ್ರದ ಪಾತ್ರ

ಒಂದು ಕಾಯಿಲೆಗೆಂದು ತಯಾರಾದ ಔಷಧವನ್ನು ಮಲೇರಿಯಾ, ಕಾಲಾ ಅಜಾರ್‌ನಂಥ ಪರೋಪಜೀವಿ ರೋಗಗಳ ಮೇಲೆ ಪ್ರಯೋಗಿಸುವುದು ಹೊಸತಲ್ಲ. ಕ್ಯಾನ್ಸರ್‌ಗೆಂದು ಹುಟ್ಟಿದ ಮಿಲ್ಟೆಫೋಸಿನ್, 2002ರಲ್ಲಿ ಭಾರತದಲ್ಲಿ ಒಪ್ಪಿಗೆ ಪಡೆದು ಕಾಲಾ ಅಜಾರ್‌ಗೆ ಬಾಯಿಂದ ನುಂಗುವ ಮೊದಲ ಔಷಧವಾಯಿತು. ಇವು ಬಡವರ ರೋಗಗಳು. ಹೊಸ ಔಷಧಕ್ಕೆ ಹಣ ಹೂಡುವವರು ಕಡಿಮೆ. ಗುಣದೋಷಗಳು ಮೊದಲೇ ಗೊತ್ತಿರುವ ಹಳೆಯ ಔಷಧಕ್ಕೆ ಇಲ್ಲಿ ಬೆಲೆ ಬರುವುದು ಅದಕ್ಕೇ.

ಈ ಹುಡುಕಾಟಕ್ಕೆ ಗಣಕಯಂತ್ರ ಬಂದದ್ದು 1982ರ ನಂತರ. ಆ ವರ್ಷ ಕ್ಯಾಲಿಫೋರ್ನಿಯಾದ ಇರ್ವಿನ್ ಕುಂಟ್ಜ್ ತಂಡ, ಪ್ರೋಟೀನಿನ ಪೊಟರೆಯಲ್ಲಿ ಯಾವ ಅಣು ಕೂರುತ್ತದೆಂದು ಲೆಕ್ಕಹಾಕುವ ‘ಡಾಕಿಂಗ್’ ವಿಧಾನವನ್ನು ಪ್ರಕಟಿಸಿತು. ಬೀಗಕ್ಕೆ ಕೀಲಿಕೈಗಳನ್ನು ಒಂದೊಂದಾಗಿ ಹಾಕಿ ನೋಡುವ ಕೆಲಸ ಪರದೆಯ ಮೇಲೆ ಸಾಧ್ಯವಾಯಿತು.

ಕರ್ನಾಟಕದ ಮಟ್ಟಿಗೆ ದೊಡ್ಡ ಹೆಸರು ಟ್ರೈಕ್ಲೋಸಾನ್. ಸಾಬೂನು, ಟೂತ್‌ಪೇಸ್ಟ್‌ಗಳಲ್ಲಿ ಬ್ಯಾಕ್ಟೀರಿಯಾ ಕೊಲ್ಲಲೆಂದು ಬೆರೆಸುತ್ತಿದ್ದ ಈ ರಾಸಾಯನಿಕ ಮಲೇರಿಯಾ ಪರೋಪಜೀವಿಯನ್ನೂ ತಡೆಯುತ್ತದೆಂದು 2001ರಲ್ಲಿ ಬೆಂಗಳೂರಿನ ನಮಿತಾ ಸುರೋಲಿಯಾ (ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ) ಮತ್ತು ಅವಧೇಶ ಸುರೋಲಿಯಾ (ಭಾರತೀಯ ವಿಜ್ಞಾನ ಸಂಸ್ಥೆ) ‘ನೇಚರ್ ಮೆಡಿಸಿನ್’ನಲ್ಲಿ ತೋರಿಸಿದರು. ಸೋಂಕು ತಗುಲಿದ ಇಲಿಗಳು ಉಳಿದವು. ಪರೋಪಜೀವಿಯು ಕೊಬ್ಬಿನಾಮ್ಲ ತಯಾರಿಸಲು ಬಳಸುವ ಒಂದು ಕಿಣ್ವವೇ ಇದರ ಗುರಿ ಎಂಬುದು ಅವರ ವಿವರಣೆ. ಆ ಕಿಣ್ವದ ಸ್ಫಟಿಕ ರಚನೆ ಆಗಿನ್ನೂ ಸಿಕ್ಕಿರಲಿಲ್ಲ. ಹಾಗಾಗಿ ಸಂಶೋಧಕಿ ಕೆ. ಸುಗುಣ ಅವರೊಡನೆ, ಅದೇ ಬಗೆಯ ಬೇರೆ ಕಿಣ್ವಗಳ ಆಧಾರದಿಂದ ಅದರ ಮಾದರಿಯನ್ನು ಗಣಕದಲ್ಲಿ ಕಟ್ಟಿ, ಟ್ರೈಕ್ಲೋಸಾನ್ ಎಲ್ಲಿ ಅಂಟುತ್ತದೆಂದು ನೋಡಿದರು. ಇಲ್ಲದ ಚಿತ್ರವನ್ನು ಇರುವ ಚಿತ್ರಗಳಿಂದ ಬರೆದುಕೊಂಡ ಈ ಹೆಜ್ಜೆಗೆ ಇತಿಹಾಸದಲ್ಲಿ ಇನ್ನೂ ಹೆಚ್ಚಿನ ಮನ್ನಣೆ ಸಲ್ಲಬೇಕು.

ಮುಂದೆ ತೊಡಕು ಬಂತು. ಆ ಕಿಣ್ವ ಬೇಕಿರುವುದು ಯಕೃತ್ತಿನಲ್ಲಿ ಬೆಳೆಯುವ ಹಂತದ ಕೊನೆಯಲ್ಲಿ, ಚಳಿಜ್ವರ ತರುವ ರಕ್ತದ ಹಂತದಲ್ಲಲ್ಲ ಎಂದು 2008ರ ಪ್ರಯೋಗಗಳು ತಿಳಿಸಿದವು. ಹಾಗಾದರೆ ರಕ್ತದಲ್ಲಿ ಟ್ರೈಕ್ಲೋಸಾನ್ ಹೊಡೆಯುತ್ತಿದ್ದುದು ಯಾವುದಕ್ಕೆ? ಉತ್ತರ ಬಂದದ್ದು 2018ರಲ್ಲಿ, ಬ್ರಿಟನ್ನಿನ ‘ಈವ್’ ಎಂಬ ಯಂತ್ರಮಾನವ ವಿಜ್ಞಾನಿಯಿಂದ. ಕೃತಕ ಬುದ್ಧಿಮತ್ತೆಯ ನೆರವಿನಿಂದ ತಾನೇ ಪ್ರಯೋಗ ನಡೆಸಿ, ಮುಂದಿನ ಪ್ರಯೋಗವನ್ನು ತಾನೇ ಆಯುವ ಯಂತ್ರವದು. ಪರೋಪಜೀವಿಯ ವಂಶವಾಹಿ ಸೇರಿಸಿದ ಯೀಸ್ಟ್‌ಗಳ ಮೇಲೆ ನಡೆದ ಆ ಶೋಧದಲ್ಲಿ ಡೈಹೈಡ್ರೋಫೋಲೇಟ್ ರಿಡಕ್ಟೇಸ್ ಎಂಬ ಕಿಣ್ವ ಮತ್ತೊಂದು ಗುರಿಯಾಗಿ ಹೊರಬಿತ್ತು. ಹಳೆಯ ಮಲೇರಿಯಾ ಔಷಧ ಪೈರಿಮೆಥಮಿನ್‌ನ ಗುರಿಯೂ ಅದೇ. ಆದರೆ ಪೈರಿಮೆಥಮಿನ್‌ಗೆ ಬಗ್ಗದ ತಳಿಗಳ ಆ ಕಿಣ್ವವನ್ನೂ ಟ್ರೈಕ್ಲೋಸಾನ್ ತಡೆಯಿತು.

ಇಷ್ಟಾದರೂ ಅದು ಮಲೇರಿಯಾದ ಮಾತ್ರೆಯಾಗಿಲ್ಲ. ದೇಹ ಅದನ್ನು ಬೇಗನೆ ಮಾರ್ಪಡಿಸಿ ಹೊರಹಾಕುತ್ತದೆ. ಕೈತೊಳೆಯುವ ಸಾಬೂನಿನಲ್ಲಿ ಅದರ ಬಳಕೆಯನ್ನೇ ಅಮೆರಿಕ 2016ರಲ್ಲಿ ನಿಷೇಧಿಸಿತು. ಎರಡೂ ಕಿಣ್ವಗಳಲ್ಲಿ ಕೂರುವ ಅದರ ಆಕಾರ ಮಾತ್ರ ಹೊಸ ಅಣುಗಳ ವಿನ್ಯಾಸಕ್ಕೆ ಅಚ್ಚಾಗಿ ಉಳಿದಿದೆ.