ಕೈಗಾರಿಕಾ ವೈವಿಧ್ಯ ಮತ್ತು ಪ್ರಾದೇಶಿಕ ಆರ್ಥಿಕತೆ: ಕೋಲಾರ ಚಿನ್ನದ ಗಣಿ ಪ್ರದೇಶ ಹಾಗೂ ಬೆಂಗಳೂರು

ಒಂದು ಪ್ರದೇಶದಲ್ಲಿ ಎಷ್ಟು ಬಗೆಯ ಕೈಗಾರಿಕೆಗಳಿವೆ ಹಾಗೂ ಉದ್ಯೋಗವು ಅವುಗಳಲ್ಲಿ ಹೇಗೆ ಹಂಚಿಕೆಯಾಗಿದೆ ಎಂಬುದನ್ನು ಕೈಗಾರಿಕಾ ವೈವಿಧ್ಯವೆಂದು ಕರೆಯಲಾಗುತ್ತದೆ. ಒಂದೇ ಉದ್ದಿಮೆಯನ್ನು ಅವಲಂಬಿಸಿದ ಪ್ರದೇಶವು ಶೀಘ್ರವಾಗಿ ಬೆಳೆಯಬಹುದು. ಆದರೆ ಆ ಉದ್ದಿಮೆ ಕುಸಿದಾಗ ಅಂಗಡಿ, ಬಾಡಿಗೆ, ಸಾರಿಗೆ ಮೊದಲಾದ ಎಲ್ಲವೂ ಅದರೊಡನೆ ಕುಸಿಯುತ್ತವೆ. ಇದಕ್ಕೆ ಕರ್ನಾಟಕದಲ್ಲಿಯೇ ಸ್ಪಷ್ಟ ನಿದರ್ಶನವಿದೆ.

ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ (ಕೆ.ಜಿ.ಎಫ್.) 1880ರಿಂದ ಜಾನ್ ಟೇಲರ್ ಕಂಪನಿಯು ಆಧುನಿಕ ಗಣಿಗಾರಿಕೆಯನ್ನು ಕೈಗೊಂಡಿತು. ಶಿವನಸಮುದ್ರದ ಜಲವಿದ್ಯುತ್ತನ್ನು 1902ರಲ್ಲಿ ಮೊದಲು ಒದಗಿಸಿದ್ದು ಈ ಗಣಿಗಳಿಗೆ. ಬೆಂಗಳೂರಿಗೆ ವಿದ್ಯುತ್ ದೊರೆತದ್ದು 1905ರಲ್ಲಿ. ಆದರೂ ಮುಂದಿನ ಶತಮಾನದಲ್ಲಿ ಬೆಳೆದದ್ದು ಬೆಂಗಳೂರು. ಗಣಿಗಳು ಮೂರು ಕಿಲೋಮೀಟರಿಗಿಂತಲೂ ಆಳಕ್ಕಿಳಿದು, ಅದಿರಿನಲ್ಲಿ ಚಿನ್ನದ ಅಂಶ ಕಡಿಮೆಯಾಗಿ, ವೆಚ್ಚ ಹೆಚ್ಚಿದ ಕಾರಣ 2001ರ ಫೆಬ್ರವರಿ 28ರಂದು ಗಣಿಗಳನ್ನು ಮುಚ್ಚಲಾಯಿತು. 1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್. ಸಂಸ್ಥೆಯ ಘಟಕವೊಂದು ಅಲ್ಲಿ ಉಳಿಯಿತಾದರೂ, ಗಣಿ ಕಾರ್ಮಿಕರೆಲ್ಲರಿಗೂ ಉದ್ಯೋಗ ನೀಡಲು ಅದೊಂದೇ ಸಾಲುವಂತಿರಲಿಲ್ಲ. ಭೂಗರ್ಭದಲ್ಲಿ ಬಂಡೆ ಸಿಡಿಸುವ ಕೌಶಲಕ್ಕೆ ಆ ಊರಿನಲ್ಲಿ ಬೇರೆ ಬೇಡಿಕೆಯೂ ಇರಲಿಲ್ಲ.

ಬೆಂಗಳೂರಿನಲ್ಲಿ ಬಟ್ಟೆ ಗಿರಣಿಗಳಲ್ಲದೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ (1940), ಐ.ಟಿ.ಐ. (1948), ಎಚ್.ಎಂ.ಟಿ. (1953) ಮತ್ತು ಬಿ.ಇ.ಎಲ್. (1954) ಸ್ಥಾಪನೆಗೊಂಡವು. ಇವು ಪರಸ್ಪರ ಭಿನ್ನವಾದರೂ ಲೋಹಗೆಲಸ, ವಿದ್ಯುನ್ಮಾನ, ವಿನ್ಯಾಸ ಮೊದಲಾದ ಕೌಶಲಗಳನ್ನು ಹಂಚಿಕೊಂಡಿದ್ದವು. ಕೈಗಾರಿಕೆಗಳ ಕೇವಲ ಸಂಖ್ಯೆಗಿಂತ ಈ ನಂಟು ಮುಖ್ಯವೆಂಬುದನ್ನು ಗಮನಿಸಬೇಕು. ಒಂದು ಕಾರ್ಖಾನೆಯಲ್ಲಿ ತರಬೇತಿ ಪಡೆದವನು ಮತ್ತೊಂದರಲ್ಲಿ ದುಡಿಯಬಲ್ಲನು, ಅಥವಾ ಪೀಣ್ಯದಲ್ಲಿ ಸ್ವಂತ ಲೇತ್ ಯಂತ್ರ ಹೂಡಬಲ್ಲನು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು 1985ರಲ್ಲಿ ಬಂದಾಗ ತಾಂತ್ರಿಕ ಪರಿಣತರ ನೆಲೆಯೊಂದು ಇಲ್ಲಿ ಆಗಲೇ ಸಿದ್ಧವಾಗಿತ್ತು. ಎಚ್.ಎಂ.ಟಿ. ಕೈಗಡಿಯಾರ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿಗೆ ನೀಡಿತು. ಅನೇಕರಿಗೆ ಅದು ದುಃಖದ ಸಂಗತಿಯಾದರೂ ನಗರದ ಆರ್ಥಿಕತೆ ಅದರಿಂದ ಕುಗ್ಗಲಿಲ್ಲ.

ವೈವಿಧ್ಯವು ಪ್ರದೇಶವನ್ನು ಕಾಪಾಡಿದಂತೆ ಪ್ರತಿಯೊಬ್ಬ ಕಾರ್ಮಿಕನನ್ನೂ ಕಾಪಾಡುತ್ತದೆಂದು ಭಾವಿಸಲಾಗದು. ಗಿರಣಿಯಲ್ಲಿ ಮೂವತ್ತು ವರ್ಷ ದುಡಿದವರಿಗೆ ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ಅಂಥದೇ ಕೆಲಸ ದೊರೆಯುವುದಿಲ್ಲ. ಒಂದು ನಗರದ ವೈವಿಧ್ಯದ ಫಲವು ನೆರೆಯ ಊರುಗಳಿಗೆ ತಾನಾಗಿಯೇ ಹರಿಯುವುದೂ ಇಲ್ಲ: ಕೆ.ಜಿ.ಎಫ್.ನ ನಿವಾಸಿಗಳು ಇಂದಿಗೂ ಬಹುಸಂಖ್ಯೆಯಲ್ಲಿ ದಿನನಿತ್ಯ ನಸುಕಿನ ರೈಲುಗಳಲ್ಲಿ ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರಿಗೆ ಕೆಲಸಕ್ಕೆ ತೆರಳಿ ರಾತ್ರಿ ಹಿಂದಿರುಗುತ್ತಾರೆ.