ಒಂದು ವಿದ್ಯಾರ್ಥಿವೇತನದ ಸುತ್ತ: ಮೈಸೂರು, ಬೆಜವಾಡ, ವಾಲ್ಟೇರು

ಹೌರಾ ಕಡೆಯ ರೈಲಿನಲ್ಲಿ ಪ್ರಯಾಣ ಮಾಡಿದ ನಮ್ಮ ಸಂಘದ ಸದಸ್ಯರಿಗೆ ವಿಜಯವಾಡವೂ ವಿಶಾಖಪಟ್ಟಣವೂ ಗೊತ್ತು. ಒಂದು ಎಂದರೆ ಕೃಷ್ಣೆಯ ಮೇಲಿನ ಉದ್ದನೆಯ ಸೇತುವೆ, ನಿಲ್ದಾಣದ ಊಟದ ಪೊಟ್ಟಣ. ಇನ್ನೊಂದು ಎಂದರೆ ಬಂದರು, ಕಡಲು. ಕಿಟಕಿಯಿಂದ ನೋಡಿ ಮುಂದೆ ಸಾಗುವ ಈ ಎರಡು ಊರುಗಳಿಗೂ ನಮ್ಮ ಮೈಸೂರಿಗೂ ಒಂದು ಹಳೆಯ ನಂಟುಂಟು. ಅದು ವಿದ್ಯೆಯ ನಂಟು. ಅದರ ಹಿಂದೆ ಸರ್ಕಾರಗಳ ಹಣವೂ ಉಂಟು. ಒಂದು ಸರ್ಕಾರ ಬೊಕ್ಕಸದಿಂದ ಹಣ ತೆಗೆದು ಒಬ್ಬನನ್ನು ಪರದೇಶಕ್ಕೆ ಓದಲು ಕಳಿಸಿದರೆ, ಇಲ್ಲವೆ ಪರರ ಭಾಷೆ ಕಲಿಯಲು ವೇತನ ಕೊಟ್ಟರೆ, ಅದರ ಫಲ ಯಾರಿಗೆ? ಕೊಟ್ಟವರಿಗೋ, ಪಡೆದವರಿಗೋ, ಅಥವಾ ಈ ಲೆಕ್ಕದಲ್ಲೇ ಇಲ್ಲದ ಮೂರನೆಯವರಿಗೋ? ಆ ಊರುಗಳ ಇತಿಹಾಸವನ್ನು ಓದುವಾಗ ನಮಗೆ ಹೊಳೆದ ಪ್ರಶ್ನೆ ಇದು.

ಸರ್ಕಾರದ ನೆರವೇ ಇಲ್ಲದೆ ವಿದ್ಯೆಗಾಗಿ ಈ ಕಡೆಗೆ ಬಂದವರೂ ಇದ್ದರು. ಏಳನೆಯ ಶತಮಾನದಲ್ಲಿ ಚೀನದ ಯಾತ್ರಿಕ ಹ್ಯುಯೆನ್ ತ್ಸಾಂಗ್ ಕೃಷ್ಣಾ ತೀರದ ಧಾನ್ಯಕಟಕಕ್ಕೆ ಬಂದ. ಅದು ವಿಜಯವಾಡಕ್ಕೆ ಸಮೀಪದ ಅಮರಾವತಿಯ ಪ್ರದೇಶ. ಅವನು ಬಣ್ಣಿಸಿದ ಬೆಟ್ಟದ ವಿಹಾರವನ್ನು ಬೆಜವಾಡದಲ್ಲಿಯೇ ಗುರುತಿಸಿದ ಇತಿಹಾಸಕಾರರೂ ಉಂಟು. ನಮ್ಮ ಬಾದಾಮಿಯ ಪುಲಿಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನನ ವಂಶ ವೇಂಗಿಯಲ್ಲಿ ಬೇರೂರುತ್ತಿದ್ದ ಕಾಲ ಅದು. ಹ್ಯುಯೆನ್ ತ್ಸಾಂಗನಿಗೆ ನಾಡು ಬಿಡಲು ತನ್ನ ಅರಸನ ಅಪ್ಪಣೆಯೇ ಇರಲಿಲ್ಲ, ಇನ್ನು ಪ್ರಯಾಣದ ಖರ್ಚೆಲ್ಲಿ ಬಂತು! ಧಾನ್ಯಕಟಕದಲ್ಲಿ ಕೆಲವು ತಿಂಗಳು ನಿಂತು ಇಬ್ಬರು ಭಿಕ್ಷುಗಳಿಂದ ಅವರ ಪಂಥದ ಶಾಸ್ತ್ರವನ್ನು ಕಲಿತ. ಅವರು ಇವನಿಂದ ಮಹಾಯಾನದ ಗ್ರಂಥಗಳನ್ನು ಕಲಿತರು. ಕೊಟ್ಟು ಕೊಳ್ಳುವ ವಿದ್ಯೆ ಎಂದರೆ ಇದೇ. 645ರಲ್ಲಿ ಅವನು ಗ್ರಂಥಗಳ ಹೊರೆಯೊಡನೆ ಹಿಂದಿರುಗಿದ ಮೇಲೆ, ಅಪ್ಪಣೆ ಕೊಡದಿದ್ದ ಚಕ್ರವರ್ತಿಯೇ ಅನುವಾದದ ಕೆಲಸಕ್ಕೆ ನೆರವು ನೀಡಿದ.

ಆಧುನಿಕ ಕಾಲದಲ್ಲಿ ಈ ಕ್ರಮ ತಿರುಗಿತು: ಹಣ ಮೊದಲು, ಪ್ರಯಾಣ ಆಮೇಲೆ. ಚಿತ್ತೂರು ಜಿಲ್ಲೆಯ ಕಟ್ಟಮಂಚಿ ಎಂಬ ಹಳ್ಳಿಯಲ್ಲಿ 1880ರಲ್ಲಿ ಹುಟ್ಟಿದ ರಾಮಲಿಂಗಾ ರೆಡ್ಡಿಯವರು ಮದರಾಸಿನಲ್ಲಿ ಓದಿ, 1902ರಲ್ಲಿ ಭಾರತ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿಗೆ ಹೋದರು. ಸಾಮ್ರಾಜ್ಯಕ್ಕೆ ನಿಷ್ಠರಾದ ವಿದ್ಯಾವಂತರು ತಯಾರಾಗಲಿ ಎಂಬ ಆಸೆ ಇಂಥ ವೇತನಗಳ ಹಿಂದೆ ಇದ್ದುದು ಸಹಜವೇ. ರೆಡ್ಡಿಯವರು ಹಿಂದಿರುಗಿ ಕೆಲಕಾಲ ಬರೋಡೆಯಲ್ಲಿದ್ದು, ಅನಂತರ ಮೈಸೂರಿನ ಮಹಾರಾಜಾ ಕಾಲೇಜಿಗೆ ಇತಿಹಾಸದ ಪ್ರಾಧ್ಯಾಪಕರಾಗಿ ಬಂದರು. ಮುಂದೆ ಅಲ್ಲಿಯೇ ಪ್ರಿನ್ಸಿಪಾಲರಾದರು, ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಆದರು. ದಲಿತ ಮಕ್ಕಳಿಗೆ ಸರ್ಕಾರಿ ಶಾಲೆಯ ಬಾಗಿಲು ತೆರೆಸಲು ಆ ಅಧಿಕಾರವನ್ನು ಬಳಸಿದರು. ತೆಲುಗಿನಲ್ಲಿ ಹೊಸ ವಿಮರ್ಶೆಗೆ ದಾರಿ ತೋರಿದ ಅವರ ‘ಕವಿತ್ವ ತತ್ತ್ವ ವಿಚಾರಮು’ ಹೊರಬಂದದ್ದು ಅವರು ಮೈಸೂರಿನ ಸೇವೆಯಲ್ಲಿದ್ದ 1914ರಲ್ಲಿ.

ಆ ವರ್ಷಗಳಲ್ಲಿ ಮೈಸೂರು ಸಂಸ್ಥಾನಕ್ಕೆ ತನ್ನದೇ ವಿಶ್ವವಿದ್ಯಾನಿಲಯ ಬೇಕೆನಿಸಿತ್ತು. ಹೊರನಾಡುಗಳಲ್ಲಿ ಉಚ್ಚ ಶಿಕ್ಷಣ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದು ವರದಿ ಒಪ್ಪಿಸುವ ಹೊಣೆ ರೆಡ್ಡಿಯವರಿಗೂ ಅವರ ಸಹೋದ್ಯೋಗಿ ಥಾಮಸ್ ಡೆನ್ಹ್ಯಾಮ್ ಅವರಿಗೂ ಬಿತ್ತು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಬೋಧನಾಕ್ರಮ, ಶಿಕಾಗೋದ ಉದಾರ ದೃಷ್ಟಿ, ಕಾಲೇಜಿನ ಗೋಡೆಯಾಚೆಗಿನ ಜನಸಾಮಾನ್ಯರಿಗೂ ತಿಳಿವಳಿಕೆ ಮುಟ್ಟಿಸುತ್ತಿದ್ದ ವಿಸ್ಕಾನ್ಸಿನ್‌ನ ಪದ್ಧತಿ, ಇವೆಲ್ಲವೂ ಮೈಸೂರಿನ ಯೋಜನೆಗೆ ಮೇಲ್ಪಂಕ್ತಿಯಾದವು. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ದೇಶೀಯ ಸಂಸ್ಥಾನವೊಂದರಲ್ಲಿ ಸ್ಥಾಪಿತವಾದ ಮೊತ್ತಮೊದಲ ವಿಶ್ವವಿದ್ಯಾನಿಲಯ ಅದು. ವಿಸ್ಕಾನ್ಸಿನ್ ಎಂಬ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಅದು ಈ ಕಥೆಯಲ್ಲಿ ಮತ್ತೆ ಬರುತ್ತದೆ.

ಮೈಸೂರಿನಲ್ಲಿ ಗಳಿಸಿದ ಅನುಭವ ಮುಂದೆ ಎಲ್ಲಿಗೆ ಹೋಯಿತು? ಬೆಜವಾಡಕ್ಕೆ. 1926ರಲ್ಲಿ ತೆಲುಗು ಜಿಲ್ಲೆಗಳಿಗಾಗಿ ಆಂಧ್ರ ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಅದರ ಕೇಂದ್ರ ಇಂದಿನ ವಿಜಯವಾಡವಾದ ಬೆಜವಾಡದಲ್ಲಿಯೇ ಇತ್ತು; ಮೊದಲ ಉಪಕುಲಪತಿ ರಾಮಲಿಂಗಾ ರೆಡ್ಡಿಯವರು. ವಿಶ್ವವಿದ್ಯಾನಿಲಯ ಎಲ್ಲಿರಬೇಕೆಂದು ಊರೂರಿಗೆ ಜಗಳ ನಡೆದು, ಕೊನೆಗೆ 1930ರಲ್ಲಿ ಅದು ವಿಶಾಖಪಟ್ಟಣದ ವಾಲ್ಟೇರಿಗೆ ಹೋಯಿತು. ಅದೇ ವರ್ಷ ಕಾನೂನುಭಂಗ ಚಳವಳಿಯ ಮೇಲೆ ನಡೆದ ದಬ್ಬಾಳಿಕೆಯನ್ನು ಪ್ರತಿಭಟಿಸಿ ರೆಡ್ಡಿಯವರು ರಾಜೀನಾಮೆ ಕೊಟ್ಟರು. ಯಾವ ಸರ್ಕಾರ ತನ್ನ ಖರ್ಚಿನಲ್ಲಿ ಕೇಂಬ್ರಿಜ್‌ಗೆ ಕಳಿಸಿತ್ತೋ ಆ ಸರ್ಕಾರದ ಮುಖಕ್ಕೇ ಕೊಟ್ಟ ರಾಜೀನಾಮೆ ಅದು! ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂದು ಅಂದಿನ ಬಿಳಿಯ ಅಧಿಕಾರಿಗಳಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಅವರ ಸ್ಥಾನಕ್ಕೆ 1931ರಲ್ಲಿ ಬಂದವರು ಡಾ. ಸರ್ವೇಪಲ್ಲಿ ರಾಧಾಕೃಷ್ಣನ್. ಅವರೂ 1918ರಿಂದ 1921ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದವರೇ. 1936ರಲ್ಲಿ ಅವರು ಹೊರಟ ಮೇಲೆ ರೆಡ್ಡಿಯವರು ಮರಳಿ ಬಂದು 1949ರವರೆಗೆ ಉಪಕುಲಪತಿಗಳಾಗಿದ್ದರು. ಆಂಧ್ರ ವಿಶ್ವವಿದ್ಯಾನಿಲಯದ ಮೊದಲ ಇಪ್ಪತ್ತಮೂರು ವರ್ಷಗಳ ಚುಕ್ಕಾಣಿ ಹಿಡಿದವರು ಹೀಗೆ ಇಬ್ಬರೇ, ಇಬ್ಬರೂ ಮೈಸೂರಿನಲ್ಲಿ ಪಾಠ ಹೇಳಿದವರು. ಮೈಸೂರಿನ ಪ್ರಜೆಗಳು ಕಂದಾಯ ಕಟ್ಟಿ ಸಾಕಿದ ಅನುಭವ ನೆರೆಯವರ ಪಾಲಾಯಿತಲ್ಲ ಎಂದು ಯಾರಾದರೂ ಕೊರಗಿದರೋ ಇಲ್ಲವೋ ನಾವರಿಯೆವು. ನಮಗಂತೂ ಅದು ನಷ್ಟವಾಗಿ ಕಾಣುವುದಿಲ್ಲ.

ಸ್ವಾತಂತ್ರ್ಯದ ನಂತರ ಹಣದ ಮೂಲ ಬದಲಾಯಿತು. 1950ರ ಫೆಬ್ರವರಿ 2ರಂದು ಭಾರತಕ್ಕೂ ಅಮೆರಿಕಕ್ಕೂ ಫುಲ್‌ಬ್ರೈಟ್ ಒಪ್ಪಂದವಾಯಿತು. ಮರುವರ್ಷ ದೇಶದಲ್ಲಿ ಧಾನ್ಯದ ಅಭಾವ. ಅಮೆರಿಕ 19 ಕೋಟಿ ಡಾಲರಿನ ಗೋಧಿ ಸಾಲ ಕೊಟ್ಟಿತು. ಆ ಸಾಲದ ಬಡ್ಡಿಯಲ್ಲಿ ಮೊದಲ 50 ಲಕ್ಷ ಡಾಲರನ್ನು ಎರಡು ದೇಶಗಳ ವಿದ್ಯಾವಿನಿಮಯಕ್ಕೆಂದು ತೆಗೆದಿಟ್ಟರು. ನಮ್ಮ ವಿಶ್ವವಿದ್ಯಾನಿಲಯಗಳಿಗೆ ಪುಸ್ತಕ, ಉಪಕರಣಗಳು ಬಂದವು; ಪ್ರಾಧ್ಯಾಪಕರು, ಗ್ರಂಥಪಾಲರು ಹೋಗಿಬಂದರು. 1954ರ ಪಿ.ಎಲ್. 480 ಕಾನೂನಿನ ಗೋಧಿಯನ್ನು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ತಂದವರು ನಮ್ಮಲ್ಲಿ ಇನ್ನೂ ಇದ್ದಾರೆ. ಅದಕ್ಕೆ ನಾವು ತೆತ್ತ ರೂಪಾಯಿ ಇಲ್ಲಿಯೇ ಶೇಖರವಾಗಿತ್ತಷ್ಟೆ. 1962ರಿಂದ ಆ ರೂಪಾಯಿಯಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಭಾರತೀಯ ಭಾಷೆಗಳ ಪುಸ್ತಕ ಕೊಂಡು ತನ್ನ ದೇಶದ ಗ್ರಂಥಾಲಯಗಳಿಗೆ ಕಳಿಸತೊಡಗಿತು. ಅದರಲ್ಲಿ ಕನ್ನಡವೂ ಇತ್ತು, ತೆಲುಗೂ ಇತ್ತು. ಬೆಂಗಳೂರಿನಲ್ಲಿ ಸಿಗದ ಹಳೆಯ ಕನ್ನಡ ಪುಸ್ತಕ ಶಿಕಾಗೋದಲ್ಲಿ ಸಿಕ್ಕಿತೆಂದು ಸಂಶೋಧಕರು ಹೇಳಿದರೆ, ಅದರ ಹಿಂದೆ ನಾವು ತಿಂದ ಚಪಾತಿಯೂ ಇರಬಹುದು.

ಇನ್ನೊಂದು ಹಣ ಹೆದರಿಕೆಯಿಂದ ಹುಟ್ಟಿತು. 1957ರ ಅಕ್ಟೋಬರಿನಲ್ಲಿ ರಷ್ಯ ಸ್ಪುಟ್ನಿಕ್ ಹಾರಿಸಿತು. ತಾವು ಹಿಂದೆ ಬಿದ್ದೆವೆಂದು ಗಾಬರಿಯಾದ ಅಮೆರಿಕನ್ನರು 1958ರಲ್ಲಿ ರಾಷ್ಟ್ರರಕ್ಷಣಾ ಶಿಕ್ಷಣ ಕಾನೂನು ಮಾಡಿ, ವಿಜ್ಞಾನ, ಗಣಿತಗಳ ಜೊತೆಗೆ ಪರಭಾಷೆಗಳ ಕಲಿಕೆಗೂ ಹಣ ಕೊಟ್ಟರು. ಮೊದಲ ಆದ್ಯತೆಯ ಆರು ಭಾಷೆಗಳಲ್ಲಿ ಹಿಂದಿ-ಉರ್ದು ಸೇರಿತ್ತು. ಕನ್ನಡವೂ ಇರಲಿಲ್ಲ, ತೆಲುಗೂ ಇರಲಿಲ್ಲ. ಆದರೂ ಒಮ್ಮೆ ಬಾಗಿಲು ತೆರೆದ ಮೇಲೆ ಒಂದೊಂದಾಗಿ ಇತರ ಭಾಷೆಗಳೂ ಒಳಹೊಕ್ಕವು. 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಇಂಡಿಯಾನಾಕ್ಕೆ ಹೋದ ಮೈಸೂರಿನ ಎ.ಕೆ. ರಾಮಾನುಜನ್ 1963ರಲ್ಲಿ ಕನ್ನಡದ ವ್ಯಾಕರಣವನ್ನೇ ಕುರಿತು ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. 1966ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಮುದ್ರಣಾಲಯದಿಂದ ಆಡುಗನ್ನಡವನ್ನು ಕಲಿಸುವ ಪಠ್ಯವೊಂದು ಬಂತು; ಬರೆದವರು ವಿಲಿಯಂ ಮೆಕ್‌ಕಾರ್ಮಕ್, ಜೊತೆಗಿದ್ದವರು ನಮ್ಮ ವಿಮರ್ಶಕ ಎಂ.ಜಿ. ಕೃಷ್ಣಮೂರ್ತಿ.

ಇಲ್ಲಿ ವಿಸ್ಕಾನ್ಸಿನ್ ಮರಳಿ ಬಂತು. ಆ ವಿಶ್ವವಿದ್ಯಾನಿಲಯ ನಡೆಸಿದ ‘ಭಾರತದಲ್ಲಿ ಒಂದು ಕಾಲೇಜು ವರ್ಷ’ ಎಂಬ ಯೋಜನೆಯಲ್ಲಿ ಹಿಂದಿಗೆ ವಾರಾಣಸಿಗೂ, ತಮಿಳಿಗೆ ಮಧುರೆಗೂ, ತೆಲುಗಿಗೆ ವಾಲ್ಟೇರಿಗೂ ವಿದ್ಯಾರ್ಥಿಗಳು ಬರುತ್ತಿದ್ದರು. ಬೇಸಿಗೆಯಲ್ಲಿ ತಮ್ಮೂರಿನಲ್ಲಿ ಅಕ್ಷರಾಭ್ಯಾಸ, ಬಳಿಕ ಇಲ್ಲಿ ಒಂದು ವರ್ಷ ಜನರ ನಡುವೆ ವಾಸ, ಭಾಷೆಯ ಪಾಠ, ತಾವೇ ಆರಿಸಿಕೊಂಡ ಒಂದು ವಿಷಯದ ಅಧ್ಯಯನ. ಎಂದೋ ಮೈಸೂರಿಗೆ ಮಾದರಿಯಾಗಿದ್ದ ವಿಸ್ಕಾನ್ಸಿನ್‌ನ ಮಕ್ಕಳು, ಮೈಸೂರಿನಿಂದ ಹೋದ ರೆಡ್ಡಿಯವರು ಕಟ್ಟಿದ ವಾಲ್ಟೇರಿನಲ್ಲಿ ಕುಳಿತು ತೆಲುಗು ತಿದ್ದಿದರು. ಅತ್ತ 1971ರಲ್ಲಿ ಶ್ರೀಕಾಕುಳಂ ಕಡೆಯ ವೇಲ್ಚೇರು ನಾರಾಯಣ ರಾವ್ ತೆಲುಗು ಕಲಿಸಲು ವಿಸ್ಕಾನ್ಸಿನ್‌ಗೆ ಹೋದರು. ಅವರೂ ರಾಮಾನುಜನ್ನರೂ ಇಸ್ರೇಲಿನ ಡೇವಿಡ್ ಶುಲ್ಮನ್ನರೂ ಕೂಡಿ ಕ್ಷೇತ್ರಯ್ಯ ಮೊದಲಾದವರ ತೆಲುಗು ಪದಗಳನ್ನು ಇಂಗ್ಲಿಷಿಗೆ ತಂದ ಪುಸ್ತಕ 1994ರಲ್ಲಿ ಪ್ರಕಟವಾಯಿತು. ಅದನ್ನು ಅಚ್ಚಿನಲ್ಲಿ ನೋಡುವ ಮೊದಲೇ ರಾಮಾನುಜನ್ ತೀರಿಕೊಂಡಿದ್ದರು. ಕ್ಷೇತ್ರಯ್ಯನ ಊರೆಂದು ಪ್ರತೀತಿಯಿರುವ ಮೊವ್ವ, ವಿಜಯವಾಡದ ಕೃಷ್ಣಾ ಸೀಮೆಯದೇ. ಕನ್ನಡ ಬಲ್ಲವರೂ ತೆಲುಗಿನವರೂ ಆ ಪದಗಳ ಮುಂದೆ ಒಟ್ಟಿಗೆ ಕುಳಿತದ್ದು ವಿಜಯವಾಡದಲ್ಲಲ್ಲ, ಮೈಸೂರಿನಲ್ಲಲ್ಲ, ಅಮೆರಿಕದಲ್ಲಿ. ಈ ಮಾತು ನಮಗೆ ಹೆಮ್ಮೆಯನ್ನೂ ತರುತ್ತದೆ, ಸ್ವಲ್ಪ ನಾಚಿಕೆಯನ್ನೂ ತರುತ್ತದೆ.

ಆದರೆ ಸ್ವಾರ್ಥಕ್ಕೆಂದು ಕೊಟ್ಟ ಹಣ ಸ್ವಾರ್ಥ ತೀರಿದಂದು ನಿಲ್ಲುವುದೂ ಉಂಟು. 2025ರ ಮಾರ್ಚಿನಲ್ಲಿ ಅಮೆರಿಕದ ಶಿಕ್ಷಣ ಇಲಾಖೆಯಲ್ಲಿ ಪರಭಾಷಾ ಶಿಕ್ಷಣದ ಕಚೇರಿಯ ಸಿಬ್ಬಂದಿಯನ್ನು ಕೆಲಸದಿಂದ ತೆಗೆದರು. ಆ ವರ್ಷದ ಫುಲ್‌ಬ್ರೈಟ್-ಹೇಯ್ಸ್ ನೆರವಿನ ಸ್ಪರ್ಧೆಗಳನ್ನೂ ರದ್ದು ಮಾಡಿದರು. ಸ್ಪುಟ್ನಿಕ್ಕಿನ ಹೆದರಿಕೆ ಹಚ್ಚಿದ ದೀಪಕ್ಕೆ ಎಣ್ಣೆ ಕಡಿಮೆಯಾಯಿತು. ನಮ್ಮ ಭಾಷೆಯ ಓದನ್ನು ಪರರ ಬೊಕ್ಕಸಕ್ಕೆ ಒಪ್ಪಿಸಿ ನಾವು ನಿಶ್ಚಿಂತರಾಗಿರಬಹುದೆ? ಅಮೆರಿಕದೊಡನೆಯ ಫುಲ್‌ಬ್ರೈಟ್ ಯೋಜನೆಯಲ್ಲಿ 2008ರ ಹೊಸ ಒಪ್ಪಂದದಿಂದೀಚೆಗೆ ಭಾರತವೂ ಸಮಪಾಲು ಹೊತ್ತದ್ದು ಸರಿಯಾದ ಹೆಜ್ಜೆ.

ಮನೆಯೊಳಗಿನ ಲೆಕ್ಕವನ್ನೂ ನೋಡೋಣ. 1969ರಲ್ಲಿ ಕೇಂದ್ರ ಸರ್ಕಾರ ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನವನ್ನು ಸ್ಥಾಪಿಸಿತು. ಅದರ ದಕ್ಷಿಣ ಪ್ರಾದೇಶಿಕ ಕೇಂದ್ರದಲ್ಲಿ ಬೇರೆ ರಾಜ್ಯಗಳ ಶಾಲಾ ಉಪಾಧ್ಯಾಯರಿಗೆ ಹತ್ತು ತಿಂಗಳ ಕಾಲ ಕನ್ನಡ, ತೆಲುಗು, ತಮಿಳು, ಮಲೆಯಾಳಗಳನ್ನು ಸರ್ಕಾರದ ಖರ್ಚಿನಲ್ಲಿ ಕಲಿಸುವ ಏರ್ಪಾಡಾಯಿತು. ಕಡಲು ದಾಟದೆ ಕೊಟ್ಟು ಕೊಳ್ಳುವ ಇಂಥ ಏರ್ಪಾಡು ಇದೆಯೆಂದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಕನ್ನಡ, ತೆಲುಗು ಲಿಪಿಗಳು ಒಂದೇ ತಾಯಿಯ ಮಕ್ಕಳು. ಕನ್ನಡ ಓದಬಲ್ಲವರಿಗೆ ತೆಲುಗು ಅಕ್ಷರ ಕೆಲವೇ ವಾರಗಳ ಕೆಲಸ. ಆದಿಕವಿ ಪಂಪನ ಹಿರಿಯರು ವೇಂಗಿಯಿಂದ ಬಂದವರೆಂದು ಭಾಷಣಗಳಲ್ಲಿ ಹೇಳುತ್ತೇವೆ. ವೇಂಗಿಯ ಇಂದಿನ ಮಕ್ಕಳು ಬರೆದ ಒಂದು ಪುಟವನ್ನು ಓದಲಾರೆವು. ಅದಿರಲಿ, ಈ ಮಹಾನಗರದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಕನ್ನಡದ ಅಕ್ಷರವೇ ಅಪರಿಚಿತವಾಗುತ್ತಿದೆ. ಮ್ಯಾಡಿಸನ್ನಿನ ವಿದ್ಯಾರ್ಥಿನಿಯೊಬ್ಬಳು ಒಂದು ಬೇಸಿಗೆಯಲ್ಲಿ ಕಲಿತು ಬಂದ ಗುಣಿತವನ್ನು ನಮ್ಮ ಮನೆಯ ಹುಡುಗಿ ಹದಿನಾರು ವರ್ಷವಾದರೂ ಕಲಿಯದಿದ್ದರೆ ಅದಕ್ಕೆ ಯಾವ ಸರ್ಕಾರವನ್ನು ದೂರೋಣ?

ಭಾನುವಾರ ಬೆಳಿಗ್ಗೆ ಸಂಘದ ಕೊಠಡಿ ಖಾಲಿಯಿರುತ್ತದೆ. ಕಪ್ಪುಹಲಗೆಯೊಂದು ಇದ್ದೇ ಇದೆ. ಮೊದಲು ಮಕ್ಕಳಿಗೆ ಕನ್ನಡ ಅಕ್ಷರ, ಆಮೇಲೆ ದೊಡ್ಡವರಿಗೆ ತೆಲುಗು ಅಕ್ಷರ. ತೆಲುಗು ಕಲಿಸಲು ನೆರೆಮನೆಯವರನ್ನೇ ಕರೆಯೋಣ, ಅವರಿಗೆ ನಾವು ಕನ್ನಡ ಕಲಿಸೋಣ. ಧಾನ್ಯಕಟಕದ ಭಿಕ್ಷುಗಳು ಚೀನದ ಅತಿಥಿಯೊಡನೆ ಮಾಡಿದ್ದೂ ಇದನ್ನೇ. ಇದಕ್ಕೆ ಅನುದಾನದ ಅರ್ಜಿ ಬೇಕಿಲ್ಲ. ಒಂದು ಡಬ್ಬಿ ಸೀಮೆಸುಣ್ಣವನ್ನು ಸಂಘದ ಖರ್ಚಿಗೆ ಬರೆದರೆ ಸಾಕು.